ಹಳದಿ ಫಿಲ್ಮು

ಹದಿನೆಂಟು ವರ್ಷ ಅಂಗಿಗೆ ಕಾಲರು ಹೊಲಿದವಳನ್ನು ಜನ ಕಾಲರಕ್ಕ ಎನ್ನದೆ ಇನ್ನೇನೆಂದಾರು? ಗಾರ್ಮೆಂಟ್ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಆ ಹೆಸರು ಅವಳ ಬೆನ್ನು ಬಿಡಲಿಲ್ಲ. ಯಾರನ್ನು ಕಂಡರೂ ಅವಳ ಕಣ್ಣು ಮೊದಲು ಹೋಗುವುದು ಕುತ್ತಿಗೆಗೆ, ಮುಖಕ್ಕೆ ಆಮೇಲೆ. ಬಸ್ಸಿನಲ್ಲಿ ಮುಂದೆ ಕೂತವನದು ಹದಿನೈದೂವರೆ ಇಂಚೋ ಹದಿನಾರೋ ಎಂದು ಮನಸ್ಸಿನಲ್ಲೇ ಅಳೆಯುತ್ತಾ ತನ್ನ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದ ಹೆಂಗಸು ಅವಳು. ಇಂಥವಳು ನಲವತ್ತೆರಡನೇ ವಯಸ್ಸಿನಲ್ಲಿ ಬಣ್ಣದ ಕೆಲಸ ಕಲಿಯುತ್ತೇನೆಂದು ಸೋದರಮಾವನ ಅಂಗಡಿಗೆ ಹೋಗಿ ನಿಂತಳು.

ಮಾವನದು ಟೀ ಶರ್ಟಿನ ಮೇಲೆ ಚಿತ್ರ ಅಚ್ಚು ಹಾಕುವ ಅಂಗಡಿ. ಎರಡೇ ಕೋಣೆ. ಮುಂದಿನದರಲ್ಲಿ ನಾಲ್ಕು ತೋಳಿನ ಪ್ರೆಸ್ಸು, ಒಣಗಿಸುವ ಹೀಟರು, ಗಿರಾಕಿ ಕೂರಲು ಒಂದು ಸ್ಟೂಲು. ಹಿಂದಿನದರಲ್ಲಿ ಕಂಪ್ಯೂಟರು, ಮಸಿ ಹಿಡಿದ ಸಿಂಕು, ಅಡಿಯಲ್ಲಿ ಟ್ಯೂಬ್‌ಲೈಟು ಉರಿಯುವ ಗಾಜಿನ ಮೇಜು. ನಲವತ್ತು ವರ್ಷ ಬಣ್ಣ ಎಳೆದ ಮಾವನ ಒಂದು ಕಣ್ಣು ಆಪರೇಷನ್ನಿನಲ್ಲಿ ಕೆಟ್ಟಿತ್ತು, ಇನ್ನೊಂದಕ್ಕೆ ಪೊರೆ ಕವಿದಿತ್ತು. ಬಾಯಿಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ.

"ಒಂದು ಬಣ್ಣದ ಕೆಲಸ ಆದ್ರೆ ನಿದ್ದೆಗಣ್ಣಲ್ಲೂ ಎಳೀತೀನಿ" ಎಂದ ಮೊದಲ ದಿನವೇ. "ನಾಲ್ಕು ಬಣ್ಣದ್ದಕ್ಕೆ ಕಣ್ಣು ಬೇಕು ಕಣೇ. ನಿನಗೆ ಎರಡಿದೆ, ಕೆಲಸಕ್ಕೆ ಹಚ್ಚು. ಕಾಲರು ಸಾಕು, ಇನ್ನು ಸ್ವಲ್ಪ ಮೇಲೆ ನೋಡೋದು ಕಲಿ."

ಅವನು ಕಲಿಸಿದ ಪಾಠ ಇಷ್ಟು. ಲೋಕದ ಯಾವ ಫೋಟೋ ಆದರೂ ಸರಿ, ಕಂಪ್ಯೂಟರು ಅದನ್ನು ನಾಲ್ಕು ಪಾಲು ಮಾಡುತ್ತದೆ: ಹಳದಿ, ಮೆಜೆಂಟಾ, ಸಯಾನ್ ಎಂಬ ನೀಲಿ, ಕಪ್ಪು. ಒಂದೊಂದು ಪಾಲೂ ಒಂದೊಂದು ಪಾರದರ್ಶಕ ಹಾಳೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿಗಳಾಗಿ ಬರುತ್ತದೆ. ಅದು ಫಿಲ್ಮು. ಫಿಲ್ಮಿನಿಂದ ಸ್ಕ್ರೀನು ಎಂಬ ಜಾಲರಿ ಚೌಕಟ್ಟಿಗೆ, ಸ್ಕ್ರೀನಿನಿಂದ ಬಟ್ಟೆಗೆ. ನಾಲ್ಕೂ ಒಂದರ ಮೇಲೊಂದು ಕೂದಲೆಳೆಯೂ ಸರಿಯದೆ ಕೂತರೆ, ಮಾರುದೂರ ನಿಂತು ನೋಡಿದವನಿಗೆ ಚುಕ್ಕಿ ಕಾಣುವುದಿಲ್ಲ, ಮುಖ ಕಾಣುತ್ತದೆ.

ನಾಲ್ಕು ಫಿಲ್ಮುಗಳೂ ಕಪ್ಪಾಗಿಯೇ ಇದ್ದದ್ದು ಅವಳಿಗೆ ಸೋಜಿಗ. "ಹಳದೀದೂ ಕಪ್ಪೇನಾ ಮಾವ?"

"ಫಿಲ್ಮು ಎಲ್ಲಾ ಕಪ್ಪೇ. ಬಣ್ಣ ಹಾಕೋರು ನಾವು. ಹಳದಿ ಅಂದ್ರೆ ಮನೇಲಿ ಮಾತಾಡದ ಸೊಸೆ ಇದ್ದ ಹಾಗೆ. ಬಿಳೀ ಬಟ್ಟೆ ಮೇಲೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ತೆಗೆದು ನೋಡು, ಚಿತ್ರ ಸತ್ತೇ ಹೋಗುತ್ತೆ."

ಇನ್ನೊಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಫಿಲ್ಮು ಬಂದ ಕೂಡಲೇ ಗಾಜಿನ ಮೇಜಿನ ಮೇಲೆ ಹಾಸಿ ನೋಡಬೇಕು. ಧೂಳು, ಗೀರು, ಮಸಿ ಕಾರಿದ ಜಾಗ, ಏನಿದ್ದರೂ ಬ್ಲೇಡಿನ ತುದಿಯಿಂದ ಅಲ್ಲೇ ಕೆರೆದು ತೆಗೆಯಬೇಕು. "ತಪ್ಪು ಫಿಲ್ಮಲ್ಲಿರೋವರೆಗೆ ತಪ್ಪು. ಸ್ಕ್ರೀನಿಗೆ ಹೋದ್ಮೇಲೆ ಅದೇ ಚಿತ್ರ."

ಮೊದಲ ಎರಡು ತಿಂಗಳು ಅವಳು ಮಾಡದ ತಪ್ಪಿಲ್ಲ. ಹಣ್ಣಿನ ಬುಟ್ಟಿಯ ಚಿತ್ರದಲ್ಲಿ ಸೇಬು ನೀಲಿಯಾಯಿತು. ಸ್ಕ್ರೀನಿನ ಕೋನ ತಪ್ಪಿ ಚುಕ್ಕಿಗಳು ಒಂದಕ್ಕೊಂದು ಜಗಳಕ್ಕೆ ಬಿದ್ದು ಬುಟ್ಟಿಯ ತುಂಬ ಅಲೆಅಲೆ ಗೀರು ಎದ್ದವು. ಬಣ್ಣ ಎಳೆಯುವ ರಬ್ಬರು ಪಟ್ಟಿಯನ್ನು ಬಲವಾಗಿ ಎಳೆದು ದ್ರಾಕ್ಷಿಯೆಲ್ಲ ಒಂದೇ ಮುದ್ದೆಯಾಯಿತು. ಮಾವ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, "ವಾಸನೆ ಮಾತ್ರ ಸರಿಯಾಗಿದೆ" ಎನ್ನುತ್ತಿದ್ದ. ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೂರನೇ ತಿಂಗಳಿಗೆ ಸೇಬು ಕೆಂಪಾಯಿತು.

ಆಗ ಬಂದ ಆ ಗಿರಾಕಿ.

ಸೋಮವಾರ ಮಧ್ಯಾಹ್ನ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮೇಲಿನ ಗುಂಡಿಯವರೆಗೂ ಹಾಕಿದ್ದ. ಹದಿನೈದೂವರೆ, ಎಂದುಕೊಂಡಳು ಕಾಲರಕ್ಕ. ಕರ್ಚೀಫಿನಿಂದ ಸ್ಟೂಲು ಒರೆಸಿ ಕೂತು, ಜೇಬಿನಿಂದ ಒಂದು ಹೆಂಗಸಿನ ಫೋಟೋ ತೆಗೆದು ಮೇಜಿನ ಮೇಲಿಟ್ಟ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು.

"ನನ್ನ ಹೆಂಡ್ತಿ. ಫೋಟೋ ನಾನೇ ತೆಗೆದದ್ದು. ಮನಸ್ಸು ಸ್ವಲ್ಪ ಸರಿಯಿಲ್ಲ. ಮನೆ ಬಿಟ್ಟು ಇವತ್ತಿಗೆ ಇಪ್ಪತ್ತು ದಿನ. ಅಣ್ಣ ತಮ್ಮಂದಿರು, ಸ್ನೇಹಿತರು, ಎಲ್ಲರೂ ಹುಡುಕ್ತಿದ್ದೀವಿ. ಅರವತ್ತು ಅಂಗಿ ಬೇಕು, ಎದೆ ಮೇಲೆ ಅವಳ ಮುಖ. ಪೋಸ್ಟರು ಅಂಟಿಸಿದ್ರೆ ಒಂದೇ ಕಡೆ ಇರುತ್ತೆ. ಅಂಗಿ ಆದ್ರೆ ನಡೆಯುತ್ತೆ."

"ಪೊಲೀಸಿಗೆ ಹೇಳಿದ್ದೀರಾ?" ಎಂದು ಕೇಳಿದ ಮಾವ.

"ಮನೆ ಮಾತು ಮನೇಲಿರಲಿ ಅಂತ, ಯಜಮಾನ್ರೇ."

ಅವನು ಹೋದ ಮೇಲೆ ಮಾವ ನಕ್ಕ. "ಮನೆ ಮಾತು ಮನೇಲೇ ಇರಬೇಕಂತೆ, ಅರವತ್ತು ಜನರ ಎದೆ ಮೇಲೂ ಇರಬೇಕಂತೆ. ಬೆಣ್ಣೆ ಗಿರಾಕಿ ಇವನು."

ಕಾಲರಕ್ಕನಿಗೆ ನಗು ಬರಲಿಲ್ಲ. ಫೋಟೋದಲ್ಲಿದ್ದವಳು ಬಿಸಿಲಿಗೆ ಮುಖ ಮಾಡಿ ನಿಂತಿದ್ದಳು, ಕೂದಲು ಹಿಂದಕ್ಕೆ ಬಿಗಿದು ಕಟ್ಟಿದ್ದಳು, ನಗಲು ಹೇಳಿದ್ದಕ್ಕೆ ನಕ್ಕವಳಂತಿದ್ದಳು. ಮನಸ್ಸು ಸರಿಯಿಲ್ಲದವಳು ಎಲ್ಲಿ ಮಲಗುತ್ತಾಳೋ, ಏನು ತಿನ್ನುತ್ತಾಳೋ ಎಂದು ಯೋಚಿಸಿದಳು. ಈ ಮುಖವನ್ನು ಹೇಗಾದರೂ ಸರಿಯಾಗಿ ತೆಗೆಯಲೇಬೇಕು, ಇವಳು ಸಿಗಲೇಬೇಕು ಎಂದು ಹಟ ಹಿಡಿದಳು.

ಮಾವ ಹೇಳಿದ ಗುಂಡಿಗಳನ್ನೆಲ್ಲ ಒತ್ತಿ ನಾಲ್ಕು ಫಿಲ್ಮು ತೆಗೆದಳು. ಅಂಗಿಯ ಎದೆ ತುಂಬುವ ಅಳತೆ. ಮುಖ, ಕುತ್ತಿಗೆ ನಿಜವಾದ ಮನುಷ್ಯರದ್ದಷ್ಟೇ ದೊಡ್ಡದು. ಮೂರು ಫಿಲ್ಮು ಚೊಕ್ಕವಾಗಿದ್ದವು. ಹಳದಿಯದರಲ್ಲಿ ಮಾತ್ರ ಗದ್ದದ ಕೆಳಗೆ, ಆ ಬದಿ ಈ ಬದಿ, ಮಸಿ ಕಾರಿದಂಥ ಕಲೆಗಳಿದ್ದವು. ಪ್ರಿಂಟರಿಗೆ ಶಾಪ ಹಾಕಿ, ಬ್ಲೇಡು ಹಿಡಿದು, ಚುಕ್ಕಿಗಳನ್ನು ಒಂದೊಂದಾಗಿ ಕೆರೆದು ಸಣ್ಣ ಮಾಡಿದಳು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಕುತ್ತಿಗೆ ನಯವಾಯಿತು.

"ಹಳದಿ ಕಲೆ ಯಾರಿಗೂ ಕಾಣ್ತಿರಲಿಲ್ಲ, ಆದ್ರೂ ತೆಗೆದೆಯಲ್ಲ. ಈಗ ನೀನು ಕೆಲಸದವಳಾದೆ" ಎಂದ ಮಾವ. ಆ ಹೊಗಳಿಕೆಯನ್ನು ಅವಳು ಸಂಜೆ ಬಸ್ಸಿನಲ್ಲಿ ನಾಲ್ಕು ಸಲ ನೆನೆಸಿಕೊಂಡಳು.

ಬೆಣ್ಣೆ ಗಿರಾಕಿ ಪ್ರತಿದಿನ ಬಂದ. ಬಂದು, ಸ್ಟೂಲು ಒರೆಸಿ, ಕೂತು ನೋಡಿದ. ಅವಳು ಎಳೆದ ಒಂದೊಂದು ಮಾದರಿಯನ್ನೂ ಬೆಳಕಿಗೆ ಹಿಡಿದು ತಿದ್ದಿದ. ತುಟಿ ಇಷ್ಟು ಕೆಂಪಲ್ಲ. ಹುಬ್ಬು ಇಲ್ಲಿ ತೆಳು. ಕಣ್ಣಿನ ಪಾಪೆ ಕಪ್ಪಲ್ಲ, ಕಂದು, ಬಿಸಿಲಿಗೆ ಇನ್ನೂ ತಿಳಿ. ಕೂದಲು ಹೇಗಿದ್ದರೂ ಪರವಾಗಿಲ್ಲ, ಅದನ್ನ ಕತ್ತರಿಸಿಕೊಂಡಿರ್ತಾಳೆ. ಮುಖ ಕತ್ತರಿಸಿಕೊಳ್ಳೋಕಾಗಲ್ಲವಲ್ಲ ಅಕ್ಕ. ಹೀಗೆಂದು ನಗುತ್ತಿದ್ದ. ಆ ನಗು ಅವಳಿಗೆ ಯಾಕೋ ಹಿಡಿಸದಿದ್ದರೂ, ದುಃಖದಲ್ಲಿರುವವರು ಏನೇನೋ ಆಡುತ್ತಾರೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ಮಾವ ಮೂರು ತಿಂಗಳಲ್ಲಿ ಕಲಿಸದ್ದನ್ನು ಆ ಮನುಷ್ಯನ ಕಣ್ಣು ಐದು ದಿನದಲ್ಲಿ ಕಲಿಸಿತು. ಅದರ ಋಣವೂ ಅವಳ ಮನಸ್ಸಿನಲ್ಲಿತ್ತು.

"ಹುಡುಕೋರಿಗೆ ಆತುರ ಇರುತ್ತೆ" ಎಂದ ಮಾವ ಒಂದು ಸಂಜೆ, ರಬ್ಬರು ಪಟ್ಟಿ ತೊಳೆಯುತ್ತಾ. "ಇವನ ಧ್ವನೀಲಿ ಅದಿಲ್ಲ. ಅವಳ ಹೆಸರೂ ಒಂದು ಸಲ ಹೇಳಲಿಲ್ಲ."

"ನಿನಗೆ ಎಲ್ಲರ ಮೇಲೂ ಅನುಮಾನ ಮಾವ. ಪಾಪ, ಎಷ್ಟು ಕಷ್ಟ ಪಡ್ತಿದ್ದಾನೆ."

"ಆಯ್ತಮ್ಮ. ಕಣ್ಣಿರೋಳು ನೀನು."

ಶನಿವಾರ ಎಂಟನೇ ಮಾದರಿ. ಹಳದಿ ಎಳೆದಾಗ ಬಟ್ಟೆಯ ಮೇಲೆ ಏನೂ ಇಲ್ಲದಂತಿತ್ತು. ಮೆಜೆಂಟಾ ಬಿದ್ದಾಗ ಜ್ವರ ಬಂದವರ ಮುಖ. ಸಯಾನ್ ಬಿದ್ದಾಗ ಜ್ವರ ಇಳಿಯಿತು, ಕೆನ್ನೆಗೆ ಮನುಷ್ಯರ ಬಣ್ಣ ಬಂತು. ಕಪ್ಪು ಎಳೆದು ಸ್ಕ್ರೀನು ಎತ್ತಿದಳು. ಹೆಂಗಸು ಕಣ್ಣು ಬಿಟ್ಟು ನೋಡುತ್ತಿದ್ದಳು. ಕಾಲರಕ್ಕ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಇಷ್ಟು ವರ್ಷದಲ್ಲಿ ತಾನು ಮಾಡಿದ ಯಾವ ವಸ್ತುವನ್ನೂ ಅವಳು ಹಾಗೆ ನಿಂತು ನೋಡಿರಲಿಲ್ಲ.

ಅವನು ಎದ್ದು ಬಂದ. ಮುಖವನ್ನು ನೋಡುತ್ತಾನೆಂದು ಅವಳು ಕಾದಿದ್ದರೆ, ಅವನು ನೋಡಿದ್ದು ಕುತ್ತಿಗೆಯನ್ನು. ಬಗ್ಗಿ, ಹತ್ತಿರದಿಂದ, ಬಹಳ ಹೊತ್ತು.

"ಕುತ್ತಿಗೆ ಚೊಕ್ಕವಾಗಿ ಬಂದಿದೆ ಅಕ್ಕ" ಎಂದ. ಹೀಟರಿನ ಕೆಳಗೆ ಒಣಗಿದ ಅಂಗಿಯನ್ನು ತನ್ನ ಅಂಗಿಯ ಮೇಲೆಯೇ ತೊಟ್ಟುಕೊಂಡ. "ಇದು ನನ್ನ ಹತ್ರ ಇರಲಿ, ಅಣ್ಣಂದಿರಿಗೆ ತೋರಿಸ್ತೀನಿ. ಉಳಿದದ್ದಕ್ಕೆ ಶುಕ್ರವಾರ ಬರ್ತೀನಿ."

ಅರವತ್ತರ ಕೆಲಸ ಸೋಮವಾರ ಶುರುವಾಗಬೇಕಿತ್ತು. ಬೆಳಿಗ್ಗೆ ತೊಳೆಯುವಾಗ ನೀರಿನ ರಭಸಕ್ಕೆ ಹಳದಿ ಸ್ಕ್ರೀನಿನ ಮೂಲೆ ಕಿತ್ತುಬಂತು. ಹೊಸ ಸ್ಕ್ರೀನು ಮಾಡೋಣವೆಂದರೆ ಬ್ಲೇಡಿನಿಂದ ಕೆರೆದೂ ಕೆರೆದೂ ಹಳೆಯ ಫಿಲ್ಮು ಜಾಳಾಗಿತ್ತು. ಅದಕ್ಕೇನು, ಇನ್ನೊಂದು ತೆಗೆದರಾಯಿತು. ಪ್ರಿಂಟರನ್ನು ಚೆನ್ನಾಗಿ ಒರೆಸಿ, ಮಸಿಯ ಡಬ್ಬಿ ಬದಲಿಸಿ, ಹಳದಿಯ ಹೊಸ ಫಿಲ್ಮು ತೆಗೆದು ಗಾಜಿನ ಮೇಲೆ ಹಾಸಿದಳು.

ಕಲೆಗಳು ಇದ್ದವು. ಗದ್ದದ ಕೆಳಗೆ, ಆ ಬದಿ ಈ ಬದಿ, ಅದೇ ಜಾಗದಲ್ಲಿ.

ಅವಳಿಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಯೋಚನೆ. ಪ್ರಿಂಟರು ಕಾರಿದ ಮಸಿ ಎರಡನೇ ಸಲ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬೀಳುವುದಿಲ್ಲ. ಹಾಗಾದರೆ ತಪ್ಪು ಫಿಲ್ಮಿನದಲ್ಲ, ಫೋಟೋದಲ್ಲೇ ಇದೆ. ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. ಏನೂ ಕಾಣಲಿಲ್ಲ. ಇನ್ನೂ ನೋಡಿದಳು. ಕುತ್ತಿಗೆಯಲ್ಲಿ ಅಲ್ಲಲ್ಲಿ ತೀರ ತೆಳುವಾದ ಒಂದು ಹಳದಿ ಛಾಯೆ, ಅದರ ಮೇಲೆ ಪೌಡರು. ಬರಿಗಣ್ಣು ದಾಟಿಹೋಗುವುದನ್ನು ಕಂಪ್ಯೂಟರು ಹೆಕ್ಕಿ ಹಳದಿಯ ಪಾಲಿಗೆ ಹಾಕಿತ್ತು. ಮತ್ತೆ ಮೇಜಿಗೆ ಬಂದು ಎಣಿಸಿದಳು. ಒಂದು ಬದಿಗೆ ನಾಲ್ಕು ಉದ್ದನೆಯವು. ಇನ್ನೊಂದು ಬದಿಗೆ ಒಂದೇ, ಅಗಲವಾದದ್ದು.

ಹದಿನೆಂಟು ವರ್ಷ ಕುತ್ತಿಗೆಗಳನ್ನೇ ನೋಡಿದವಳು ಈ ಒಂದು ಕುತ್ತಿಗೆಯನ್ನು ಒಂದೂವರೆ ಗಂಟೆ ನೋಡಿಯೂ ನೋಡಿರಲಿಲ್ಲ. "ಮಾವ, ಇಲ್ಲಿ ಬಾ" ಎಂದು ಕರೆದಳು.

ಮಾವ ತಡವರಿಸುತ್ತಾ ಬಂದ. ಫಿಲ್ಮಿನ ಮೇಲೆ ಬಗ್ಗಿ, "ನನಗೆ ಬೂದಿ ಬೂದಿ ಕಾಣುತ್ತೆ ಕಣೇ. ಗದ್ದದ ನೆರಳಿರಬೇಕು" ಎಂದ. ಅವಳು ಅವನ ಬಲಗೈ ಹಿಡಿದು ಫಿಲ್ಮಿನ ಮೇಲಿಟ್ಟು, ಹೆಬ್ಬೆರಳನ್ನು ಒಂದು ಕಲೆಯ ಮೇಲೆ ಕೂರಿಸಿದಳು. ಉಳಿದ ನಾಲ್ಕು ಬೆರಳನ್ನು ಅವಳು ಕೂರಿಸಬೇಕಾಗಲಿಲ್ಲ, ಅವೇ ಹೋಗಿ ಕೂತವು. ಮಾವ ಬಿಸಿ ಹೀಟರು ಮುಟ್ಟಿದವನಂತೆ ಕೈ ಕಿತ್ತುಕೊಂಡ.

"ಏಟು ಹಳೇದಾದ್ಮೇಲೆ ಹಳದಿಗೆ ತಿರುಗುತ್ತೆ" ಎಂದ ಕೊನೆಗೆ. "ಫೋಟೋ ತೆಗೆಯೋಕೆ ಒಂದು ವಾರ ಮೊದಲು ಆಗಿರೋದು."

"ಫೋಟೋ ತೆಗೆದದ್ದು ತಾನೇ ಅಂದಿದ್ದ."

"ಹೂಂ."

"ನಾನು ಅದನ್ನ ಕೆರೆದು ತೆಗೆದೆ ಮಾವ. ಕೂತ್ಕೊಂಡು ನೀಟಾಗಿ ತೆಗೆದೆ."

ಅವಳು ಎರಡೂ ಫಿಲ್ಮು ಸುತ್ತಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದಳು. ಅಲ್ಲಿದ್ದವನು ಒಳ್ಳೆಯವನೇ, ಕೂರಲು ಹೇಳಿದ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಹಳದಿ ಅಂತೀರಿ, ಇದು ಕಪ್ಪಿದೆಯಲ್ಲ" ಎಂದ. ಅವಳು ಬಣ್ಣ ಪಾಲಾಗುವ ಕತೆಯನ್ನೆಲ್ಲ ಹೇಳಿದಳು. ಅವನು ತಲೆಯಾಡಿಸುತ್ತಾ ಕೇಳಿ, ಆ ಹೆಂಗಸಿನ ಹೆಸರೇನು, ಮನೆ ಎಲ್ಲಿ ಎಂದ. ಅವಳಿಗೆ ಗೊತ್ತಿದ್ದದ್ದು ಆರ್ಡರ್ ಚೀಟಿಯ ಮೇಲಿನ ಫೋನ್ ನಂಬರು ಒಂದೇ. "ಆಕೆಯೇ ಬಂದು ದೂರು ಕೊಡಲಿ ತಾಯಿ" ಎಂದು ಕಾಗದದ ಮೇಲೆ ಏನೋ ಬರೆದುಕೊಂಡ. ನಂಬರನ್ನು ಬರೆದುಕೊಂಡನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಆ ಹೆಂಗಸು ಕಳೆದುಹೋದವಳಲ್ಲ, ತಪ್ಪಿಸಿಕೊಂಡವಳು. ಎಲ್ಲೋ ಒಂದು ಕಡೆ, ಕೂದಲು ಕತ್ತರಿಸಿಕೊಂಡು, ಬದುಕಿಕೊಂಡಿದ್ದಾಳೆ. ನಿನ್ನೆಯ ತನಕ ಇವಳು ಸಿಗಲಿ ಎಂದು ಬೇಡಿದ ಬಾಯಲ್ಲೇ ಇವಳು ಸಿಗದಿರಲಿ ಎಂದು ಬೇಡಿಕೊಂಡಳು.

"ಆರ್ಡರ್ ಬೇಡ ಅಂದ್ಬಿಡೋಣ" ಎಂದಳು ಅಂಗಡಿಗೆ ಬಂದು.

"ಬೇಡ ಅಂದ್ರೆ ಇನ್ನೊಂದು ಅಂಗಡಿಗೆ ಹೋಗ್ತಾನೆ" ಎಂದ ಮಾವ. "ಅವರು ಚೆನ್ನಾಗಿ ಮಾಡಿಕೊಡ್ತಾರೆ. ಮಾಡೋಣ. ಕೆಟ್ಟದಾಗಿ ಮಾಡೋಣ. ಶುಕ್ರವಾರ ಅವನು ಕೂಗಾಡ್ಲಿ, ಮತ್ತೆ ಮಾಡಿಕೊಡ್ತೀವಿ ಅನ್ನೋಣ, ಅದನ್ನೂ ಕೆಡಿಸೋಣ. ದಿನ ದೂಡಿದಷ್ಟೂ ಅವಳು ದೂರ ಹೋಗ್ತಾಳೆ."

"ಅವನು ತೊಟ್ಕೊಂಡು ಹೋದದ್ದು?"

ಅವಳೇ ಫೋನು ಹಚ್ಚಿದಳು. ಧ್ವನಿಯನ್ನು ಸಾವರಿಸಿಕೊಂಡು, ಆ ಮಾದರಿಯಲ್ಲಿ ಬಣ್ಣ ಸರಿಯಾಗಿ ಬೆಂದಿಲ್ಲ, ಒಂದು ತೊಳೆತಕ್ಕೆ ಹೊರಟುಹೋಗುತ್ತದೆ, ತಂದುಕೊಡಿ, ಬೇರೆ ಕೊಡುತ್ತೇನೆ ಎಂದಳು. ಆ ಕಡೆ ಜನರ ಗದ್ದಲ, ಬಸ್ಸಿನ ಹಾರ್ನು.

"ಪರವಾಗಿಲ್ಲ ಅಕ್ಕ, ನಾನು ತೊಳೆಯಲ್ಲ" ಎಂದ ಅವನು. "ಬಸ್‌ಸ್ಟ್ಯಾಂಡಲ್ಲಿದ್ದೀನಿ. ತೊಟ್ಕೊಂಡೇ ಇದ್ದೀನಿ."

ನಾಲ್ಕು ದಿನ ಅವಳು ಅಂಗಿಗಳನ್ನು ಕೆಡಿಸಿದಳು. ಕೆಡಿಸುವುದೂ ಒಂದು ವಿದ್ಯೆಯೇ. ತೀರ ಕೆಡಿಸಿದರೆ ಬೇಕೆಂದೇ ಮಾಡಿದ್ದೆಂದು ಗೊತ್ತಾಗುತ್ತದೆ. ಗಿರಾಕಿಗೆ ಬೈಯಬೇಕೆನಿಸಬೇಕು, ಅನುಮಾನ ಬರಬಾರದು. ಸಯಾನ್ ಸ್ಕ್ರೀನನ್ನು ಕೂದಲೆಳೆ ಸರಿಸಿ ಕಣ್ಣುಗಳನ್ನು ಅಗಲ ಮಾಡಿದಳು. ಮೆಜೆಂಟಾ ಒತ್ತಿ ಎಳೆದು ತುಟಿ ದಪ್ಪ ಮಾಡಿದಳು. ಕಪ್ಪಿನ ಕೋನ ತಿರುಗಿಸಿ ಕೆನ್ನೆಯ ತುಂಬ ಅಲೆ ಎಬ್ಬಿಸಿದಳು. ಆದರೆ ಹಳದಿ ಸ್ಕ್ರೀನಿಗೆ ಬ್ಲೇಡು ಮುಟ್ಟಿಸದ ಹೊಸ ಫಿಲ್ಮನ್ನೇ ಹಾಕಿದಳು. ಅದನ್ನು ಇನ್ನೊಂದು ಸಲ ಅಳಿಸಲು ಅವಳ ಕೈ ಏಳಲಿಲ್ಲ. ಒಂದೊಂದು ಅಂಗಿ ಒಣಗಿದಾಗಲೂ ಮಾವನ ಮುಂದೆ ಹಿಡಿದು, "ಗುರುತು ಸಿಗುತ್ತಾ?" ಎಂದು ಕೇಳುತ್ತಿದ್ದಳು. "ನನ್ನ ಕೇಳ್ತೀಯಲ್ಲ, ನಿನ್ನದೇ ಗುರುತು ನನಗೆ ಸಿಗಲ್ಲ" ಎನ್ನುತ್ತಿದ್ದ ಅವನು. ಇಬ್ಬರೂ ಸ್ವಲ್ಪ ನಗುತ್ತಿದ್ದರು. ಹೊರಗೆ ಯಾರಾದರೂ ಚಪ್ಪಲಿ ಎಳೆದ ಸದ್ದಾದರೆ ನಗು ನಿಲ್ಲುತ್ತಿತ್ತು.

ಮಧ್ಯೆ ಮಧ್ಯೆ ಅವಳು ಆ ನಂಬರಿಗೆ ಫೋನು ಮಾಡಿದಳು. ಬುಧವಾರ ಮೂರು ಸಲ ಎತ್ತಲಿಲ್ಲ. ಗುರುವಾರ ಫೋನು ಸ್ವಿಚ್ ಆಫ್ ಆಗಿತ್ತು. ಸಂಜೆ ಬಸ್‌ಸ್ಟ್ಯಾಂಡಿಗೇ ಹೋಗಿ ಎಲ್ಲ ಪ್ಲಾಟ್‌ಫಾರಮ್ಮುಗಳನ್ನು ಸುತ್ತಿದಳು. ಎದುರು ಬಂದವರ ಕುತ್ತಿಗೆ ನೋಡಲಿಲ್ಲ, ಎದೆ ನೋಡಿದಳು. ಅವನು ಅಲ್ಲಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಅವನು ಬಂದ. ಅಂಗಿಗಳ ಗಂಟು ಮೇಜಿನ ಮೇಲೆ ಕಟ್ಟಿಟ್ಟಿತ್ತು. ಅವನ ಮೈಮೇಲೆ ಅದೇ ಮಾದರಿ ಅಂಗಿ, ಮಡಿಕೆ ಬಿದ್ದು ಸ್ವಲ್ಪ ಕೊಳೆಯಾಗಿತ್ತು. ಅದರ ಮೇಲಿನ ಹೆಂಗಸಿನ ಮುಖ ಮಾತ್ರ ಹಾಗೇ ಇತ್ತು. ಅವನು ಉಸಿರು ಎಳೆದುಕೊಂಡಾಗೆಲ್ಲ ಅವಳೂ ಉಸಿರೆಳೆದ ಹಾಗೆ ಕಾಣುತ್ತಿತ್ತು. ಅವನು ಸ್ಟೂಲಿನ ಮೇಲೆ ಕೂರಲಿಲ್ಲ.

ಕಾಲರಕ್ಕ ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಹೇಳಬೇಕಾದ ಸುಳ್ಳನ್ನೆಲ್ಲ ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದಳು. "ಮೆಷಿನ್ನು ಸ್ವಲ್ಪ ಕೈಕೊಟ್ಟಿತು, ಬಣ್ಣ ಅಷ್ಟು..." ಎಂದು ಗಂಟಿನ ದಾರಕ್ಕೆ ಕೈ ಹಾಕಿದಳು.

"ಬಿಚ್ಚಬೇಡಿ ಅಕ್ಕ, ಇವು ಬೇಡ" ಎಂದ ಅವನು. "ಒಂದರಲ್ಲೇ ಸಿಕ್ಕಿದಳು."

ಅವಳ ಕೈ ದಾರದ ಮೇಲೆಯೇ ಉಳಿಯಿತು.

"ಬಸ್ಸಿಗೆ ಕಾಯ್ತಿದ್ದ ಒಬ್ಬ ಅಜ್ಜಿ ನನ್ನ ಎದೆ ನೋಡಿ, ಅಯ್ಯೋ, ಇವಳು ನಮ್ಮ ಬೀದಿ ಕೊನೆ ಮನೇಲಿ ಬಾಡಿಗೆಗೆ ಬಂದಿರೋ ಹುಡುಗಿ ಅಲ್ವಾ ಅಂದ್ಲು. ಪೋಸ್ಟರು ಆಗಿದ್ರೆ ಆ ವಯಸ್ಸಿನವಳು ನಿಂತು ನೋಡ್ತಿರಲಿಲ್ಲ. ಬಣ್ಣ ಅಷ್ಟು ಸರಿಯಾಗಿತ್ತು. ಎಲ್ಲಾ ನಿಮ್ಮ ಕೈಗುಣ."

"ಈಗ ಎಲ್ಲಿದ್ದಾಳೆ?" ಎಂದಳು.

"ಮನೇಲಿ. ಬುಧವಾರದಿಂದ." ಅವನು ಮೇಜಿನ ಮೇಲಿದ್ದ ಫೋಟೋ ಎತ್ತಿ ಜೇಬಿಗಿಟ್ಟುಕೊಂಡ. "ಮೊದಮೊದಲು ಸ್ವಲ್ಪ ಗಲಾಟೆ ಮಾಡಿದಳು. ಈಗ ಸುಮ್ಮನಿದ್ದಾಳೆ."

"ನಾನು ಒಂದ್ಸಲ ಬಂದು ನೋಡ್ತೀನಿ ಅವಳನ್ನ."

"ಬೇಡ ಅಕ್ಕ. ಮಲಗಿದ್ದಾಳೆ."

ಅವನು ಮೆಟ್ಟಿಲಿಳಿದು ಹೋದ. ಅವಳು ಬರಿಗಾಲಲ್ಲೇ ಬೀದಿಗೆ ಓಡಿದಳು. ತರಕಾರಿ ಗಾಡಿ, ಶಾಲೆಯ ವ್ಯಾನು, ಸೈಕಲ್ಲು, ಇವುಗಳ ನಡುವೆ ಒಂದು ಸಲ ಅವನ ಬೆನ್ನು ಕಂಡಿತು. ಬೆನ್ನಿನ ಮೇಲೆ ಏನೂ ಅಚ್ಚಾಗಿರಲಿಲ್ಲ, ಬರೀ ಬಿಳಿ ಬಟ್ಟೆ. ಮೂಲೆ ತಿರುಗುವಷ್ಟರಲ್ಲಿ ಅದೂ ಜನರಲ್ಲಿ ಸೇರಿಹೋಯಿತು. ಯಾರನ್ನು ಕೇಳಿದರೂ ನೋಡಲಿಲ್ಲ ಎಂದರು. ಸ್ಟೇಷನ್ನಿಗೆ ಫೋನು ಮಾಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಮನೆಗೆ ವಾಪಸು ಬಂದಿದ್ದಾಳೆ ಅಂತೀರಿ, ಮತ್ತೆ ದೂರು ಏನಮ್ಮ?" ಎಂದಿತು ಆ ಕಡೆಯ ಧ್ವನಿ. ನಂಬರು ಕೊಡಿ ಎಂದದ್ದಕ್ಕೆ ಕೊಟ್ಟಳು, ಎರಡು ಸಲ ಓದಿ ಹೇಳಿದಳು.

ಅಂಗಡಿಗೆ ಬಂದಾಗ ಮಾವ ಹಿಂದಿನ ಕೋಣೆಯಿಂದ ಗೋಡೆ ಹಿಡಿದು ಹೊರಗೆ ಬರುತ್ತಿದ್ದ. ಸಿಂಕಿನ ನೀರಿನ ಸದ್ದಿನಲ್ಲಿ ಅವನಿಗೆ ಮಾತೊಂದೂ ಕೇಳಿಸಿರಲಿಲ್ಲ. ಗಂಟು ಮೇಜಿನ ಮೇಲೆ ಬಿಚ್ಚದೆ ಹಾಗೇ ಇದ್ದದ್ದನ್ನು ಕೈಯಿಂದ ತಡವಿ ನೋಡಿದ.

"ಬಂದಿದ್ನಾ? ಕೂಗಾಡಿದ್ನಾ? ಅಂಗಿ ಹೇಗಿದೆ ಅಂದ?"

ಕಾಲರಕ್ಕ ಸ್ಟೂಲಿನ ಮೇಲೆ ಕೂತಳು.

"ಚೆನ್ನಾಗಿ ಬಂದಿದೆಯಂತೆ ಮಾವ" ಎಂದಳು. "ನೋಡಿದ ಕೂಡಲೇ ಗುರುತು ಸಿಗ್ತಂತೆ."